ಉತ್ಪನ್ನ ಏನೂ ಇಲ್ರಿ

ಹೋದ ಸೋಮವಾರ ನನ್ನ ಸೊಸೆ ಸರ್ಕಾರದ ಎದುರು ಹಸಿ ಸುಳ್ಳು ಹೇಳಿದಳು. ನಾನು ಪಕ್ಕದಲ್ಲೇ ಕೂತು ಹೌದು ಹೌದು ಎಂದು ತಲೆಯಾಡಿಸಿದೆ.

ಛೇ ಎನ್ನಬೇಡಿ. ಇದೇ ಸುಳ್ಳನ್ನು ನೀವೂ ಎಷ್ಟು ಸಲ ಹೇಳಿದ್ದೀರಿ ಎಂದು ಇನ್ನು ನಾಲ್ಕು ಸಾಲು ಓದಿದರೆ ನಿಮಗೇ ತಿಳಿಯುತ್ತದೆ.

ಸರ್ಕಾರ ಎಂದರೆ ದೊಡ್ಡ ಸಾಹೇಬರು ಬಂದಿದ್ದರು ಎಂದುಕೊಳ್ಳಬೇಡಿ. ಬಂದದ್ದು ಒಬ್ಬಳು ಹುಡುಗಿ. ಇಪ್ಪತ್ತೈದು ಇರಬಹುದು. ಹಾಸನದ ಕಡೆಯವಳಂತೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ಸಿಂದಗಿಯ ಬಿಸಿಲಿಗೆ ಮುಖ ಟೊಮೆಟೊ ಆಗಿತ್ತು.

ನಮ್ಮ ಶೆಡ್ಡಿನ ಬಾಗಿಲಿಗೆ ಬಂದವಳೇ ಮೂಗು ಮುಚ್ಚಿಕೊಂಡಳು. ನನಗೆ ಬೇಜಾರಿಲ್ಲ. ಹೊಸಬರೆಲ್ಲ ಮುಚ್ಚಿಕೊಳ್ಳುತ್ತಾರೆ. ಹಳೆಯ ಲಾರಿ ಟೈರು ಬಿಸಿಲಿಗೆ ಕಾದಾಗ ಬರುವ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ನನಗೆ ಆ ವಾಸನೆ ಇಲ್ಲದ ಕಡೆ ಮಲಗಿದರೆ ಬೇರೆ ಯಾರದೋ ಮನೆಗೆ ಬಂದಂತೆ ಆಗುತ್ತದೆ.

ಗೊತ್ತಿಲ್ಲದವರಿಗೆ ನಮ್ಮ ಕಸುಬು ಹೇಳುತ್ತೇನೆ. ಸವೆದು ಹೋದ ಲಾರಿ ಟೈರಿನಿಂದ ನಾವು ಪುಟ್ಟಿ ಮಾಡುತ್ತೇವೆ. ಪುಟ್ಟಿ ಎಂದರೆ ಬುಟ್ಟಿ. ಮನೆ ಕಟ್ಟುವಲ್ಲಿ ಸಿಮೆಂಟು, ಮರಳು ಹೊರುತ್ತಾರಲ್ಲ, ಕರಿಯದು, ಎರಡು ಹಿಡಿಕೆಯದು, ಅದೇ. ದನಕ್ಕೆ ನೀರು ಕುಡಿಸುವ ಬಾನಿಯನ್ನೂ ಮಾಡುತ್ತೇವೆ. ಟೆಂಪೋದಲ್ಲಿ ಟೈರು ತರುವುದು ನನ್ನ ಮಗ. ಕೊಯ್ಯುವುದು, ಎಳೆಯುವುದು ನನ್ನ ಸೊಸೆ ಕಸ್ತೂರಿ. ಅವಳ ಜೊತೆಗೆ ಮೈಬೂಬ ಎಂಬ ಸಂಬಳದ ಆಳು. ಅವನಿಗೂ ಐವತ್ತಾಗಿದೆ. ನಾನು ಕೂತು ಮೊಳೆ ಹೊಡೆಯುತ್ತೇನೆ. (ಕಣ್ಣು ಮಂಜಾಗಿದೆ. ಆದರೆ ಮೊಳೆಯ ತಲೆ ಎಲ್ಲಿದೆ ಎಂದು ಬೆರಳಿಗೆ ಗೊತ್ತು.)

ಹುಡುಗಿಗೆ ಒಂದು ತಂಬಿಗೆ ನೀರು ಕೊಟ್ಟೆವು. ಕುಡಿದು ಸುಧಾರಿಸಿಕೊಂಡು ಹೇಳಿದಳು.

"ರಾಜ್ಯದಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಸಾಮಾನು ಒಟ್ಟು ಎಷ್ಟು ತಯಾರಾಗುತ್ತೆ ಅಂತ ಲೆಕ್ಕ ಹಾಕ್ತಿದ್ದೀವಿ ಅಜ್ಜಿ. ದೊಡ್ಡ ಫ್ಯಾಕ್ಟರಿಗಳ ಲೆಕ್ಕ ಸಿಗುತ್ತೆ. ನಿಮ್ಮಂಥ ಚಿಕ್ಕವರದು ಸಿಗಲ್ಲ. ಅದಕ್ಕೇ ಬಂದಿದ್ದು."

"ಸಿಕ್ಕು ಏನಾಗಬೇಕೈತಿ?" ಎಂದೆ ನಾನು.

"ತಯಾರಿಕೆ ಘಟಕ ಅಂತ ಪಟ್ಟಿಗೆ ಬಂದವರಿಗೆ ಮೂರು ಫೇಸಿನ ಕರೆಂಟ್ ಲೈನ್ ಕೊಡ್ತಾರೆ."

ಕಸ್ತೂರಿಯ ಕೈಯಲ್ಲಿದ್ದ ಪಕ್ಕಡ, ಎಂದರೆ ಇಕ್ಕಳ, ಅಲ್ಲೇ ನಿಂತಿತು.

ಯಾಕೆ ನಿಂತಿತು ಎಂದು ತಿಳಿಯಬೇಕಾದರೆ ನೀವು ಲಾರಿ ಟೈರಿನ ಒಳಗೆ ಏನಿರುತ್ತದೆ ಎಂದು ನೋಡಿರಬೇಕು. ಒಳಗೆ ನೂಲಿನ ಪದರಗಳು ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸದೆ ಪುಟ್ಟಿ ಆಗುವುದಿಲ್ಲ. ಬಿಡಿಸುವುದು ಹೇಗೆ? ಒಬ್ಬರು ಕಾಲಿನಿಂದ ಮೆಟ್ಟಿ ನಿಲ್ಲಬೇಕು. ಇನ್ನೊಬ್ಬರು ಪಕ್ಕಡದಿಂದ ಹಿಡಿದು ಹಿಂದಕ್ಕೆ ಜಗ್ಗಬೇಕು. ಮೈಬೂಬ ಮೆಟ್ಟುತ್ತಾನೆ. ಕಸ್ತೂರಿ ಜಗ್ಗುತ್ತಾಳೆ. ಹದಿನೆಂಟು ವರ್ಷದಿಂದ ಜಗ್ಗುತ್ತಿದ್ದಾಳೆ.

ಈಗ ಅವಳ ಬಲ ಭುಜ ಹೋಗಿದೆ. ಮೂರು ತಿಂಗಳಿಂದ ತುರುಬು ಕಟ್ಟಿಕೊಳ್ಳಲು ಕೈ ಮೇಲೇಳುತ್ತಿಲ್ಲ. ನಾನು ಕಟ್ಟುತ್ತೇನೆ. (ಅತ್ತೆ ಸೊಸೆಯ ತುರುಬು ಕಟ್ಟುವುದನ್ನು ಎಲ್ಲಾದರೂ ನೋಡಿದ್ದೀರಾ? ಪ್ರೀತಿ ಗೀತಿ ಏನಿಲ್ಲ. ಕೂದಲು ಬಿಟ್ಟುಕೊಂಡು ಟೈರು ಜಗ್ಗಿದರೆ ಪಕ್ಕಡಕ್ಕೆ ಸಿಕ್ಕಿಕೊಳ್ಳುತ್ತದೆ.) ಡಾಕ್ಟರು ಒಂದೇ ಮಾತು ಹೇಳಿದ್ದಾರೆ, ಎಳೆಯುವುದು ಬಿಡು, ಇಲ್ಲದಿದ್ದರೆ ಈ ಕೈ ಬಿಡು.

ಪದರ ಎಳೆಯುವ ಮಷೀನು ಇದೆ. ಕೊಲ್ಲಾಪುರದ ಕಡೆ ನನ್ನ ಮಗ ನೋಡಿ ಬಂದಿದ್ದಾನೆ. ಹಳೆಯದು ಸಿಗುತ್ತದೆ, ಕೊಳ್ಳುವ ಶಕ್ತಿಯೂ ಇದೆ. ಆದರೆ ಅದು ಓಡಲು ಮೂರು ಫೇಸಿನ ಕರೆಂಟು ಬೇಕು. ನಮ್ಮ ಶೆಡ್ಡಿಗೆ ಇರುವುದು ಒಂದು ಬಲ್ಬು, ಒಂದು ಫ್ಯಾನು ತಿರುಗುವಷ್ಟು.

ಈಗ ತಿಳಿಯಿತಲ್ಲ, ಪಕ್ಕಡ ಯಾಕೆ ನಿಂತಿತು ಎಂದು? ಆ ಹುಡುಗಿಯ ಟ್ಯಾಬಿನಲ್ಲಿ ಇದ್ದದ್ದು ಬರೀ ಲೆಕ್ಕ ಅಲ್ಲ, ಕಸ್ತೂರಿಯ ಬಲಗೈ.

ಹುಡುಗಿ ಟ್ಯಾಬು ತೆರೆದು ಮೊದಲ ಪ್ರಶ್ನೆ ಕೇಳಿದಳು. "ನಿಮ್ಮ ಘಟಕದ ಉತ್ಪನ್ನ ಏನಮ್ಮಾ?"

ಕಸ್ತೂರಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅತ್ತೆ ಸೊಸೆ ಒಂದಾಗುವುದು ಇಂಥ ಹೊತ್ತಿನಲ್ಲೇ.

"ಉತ್ಪನ್ನ ಎಲ್ಲಿಂದ ಬರಬೇಕ್ರಿ ಮೇಡಮ್ಮಾರ," ಎಂದಳು ಕಸ್ತೂರಿ. "ಏನೂ ಇಲ್ರಿ."

"ಏನೂ ಇಲ್ವಾ?"

"ಹೊಟ್ಟಿ ತುಂಬಿದ್ರ ಆತ್ರಿ. ಉತ್ಪನ್ನ ಅನ್ನೂವಂಥಾದ್ದು ಏನೂ ಇಲ್ಲ. ಬೇಕಾದ್ರ ನಮ್ಮ ಅತ್ತೀನ್ನ ಕೇಳ್ರಿ."

"ಹೌದವ್ವಾ," ಎಂದೆ ನಾನು. "ಮದಿವ್ಯಾಗಿ ಬಂದಾಗಿಂದ ನೋಡೇನಿ. ಈ ಕಸುಬಿನ್ಯಾಗ ಉತ್ಪನ್ನ ಇಲ್ಲ."

ಹುಡುಗಿ ಮೂಲೆಯಲ್ಲಿ ತಗಡಿನವರೆಗೆ ಏರಿದ್ದ ರಾಶಿಯತ್ತ ಕೈ ತೋರಿಸಿದಳು. "ಮತ್ತೆ ಅದೆಲ್ಲ ಏನು?"

"ಅವು ಪುಟ್ಟಿರಿ."

"ಅದನ್ನೇ ಕೇಳಿದ್ದು ನಾನು."

"ಪುಟ್ಟಿ ಅದಾವ್ರಿ," ಎಂದಳು ಕಸ್ತೂರಿ. "ಉತ್ಪನ್ನ ಇಲ್ಲ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವಾಗ ತಹಸೀಲ್ದಾರ್ ಕಚೇರಿಯಲ್ಲಿ ಪಾಳಿ ಹಚ್ಚಿ ತೆಗೆಸುವ ಕಾಗದಕ್ಕೆ ನಾವು ಏನನ್ನುತ್ತೇವೆ? 'ಜಾತಿ ಉತ್ಪನ್ನ.' ಜಾತಿಯದೊಂದು, ಉತ್ಪನ್ನದ್ದೊಂದು. ನಮ್ಮಲ್ಲಿ ಉತ್ಪನ್ನ ಎಂದರೆ ವರ್ಷದ ಗಳಿಕೆ. ಅದು ಗೆರೆ ದಾಟಿದರೆ ಕಾರ್ಡು ಹೋಯಿತು, ಕಾರ್ಡಿನ ಜೊತೆ ಅಕ್ಕಿ ಹೋಯಿತು. ಸರ್ಕಾರದವರು ಬಾಗಿಲಿಗೆ ಬಂದು ಉತ್ಪನ್ನ ಎಂಬ ಶಬ್ದ ಎತ್ತಿದರೆ ಏನೂ ಇಲ್ಲ ಎನ್ನಲು ನಮಗೆ ಯಾರೂ ಕಲಿಸಿಕೊಡಬೇಕಿಲ್ಲ. (ಅವಳು 'ಎಷ್ಟು' ಎನ್ನಲಿಲ್ಲ, 'ಏನು' ಎಂದಳು. ಹೆದರಿದ ಕಿವಿಗೆ ಎರಡೂ ಒಂದೇ.)

ಹುಡುಗಿ ಏನೋ ಗುಣುಗುತ್ತ ಟ್ಯಾಬಿನ ಮೇಲೆ ಒತ್ತಿದಳು. ಮುಂದಿನ ಪ್ರಶ್ನೆ ಕೇಳಿದಳು. "ಈ ಕೆಲಸ ಎಷ್ಟು ವರ್ಷದಿಂದ ಇದೆ?"

ಇದಕ್ಕೆ ಸುಳ್ಳು ಬೇಕಿರಲಿಲ್ಲ. ನಾನು ಸುತ್ತಿಗೆ ಕೆಳಗಿಟ್ಟೆ.

ನನ್ನ ತವರು ಮುದ್ದೇಬಿಹಾಳ ತಾಲೂಕು. ಕೊಟ್ಟದ್ದು ಬಸವನ ಬಾಗೇವಾಡಿಗೆ. ನಮ್ಮ ಮನೆಯವರು ಆಗ ಬರೀ ಟೈರಿನ ಚಪ್ಪಲಿ ಮಾಡುತ್ತಿದ್ದರು. ಆ ಚಪ್ಪಲಿಯ ಅಡಿಯಲ್ಲಿ ಟೈರಿನ ಗೀರುಗಳು ಹಾಗೇ ಉಳಿದಿರುತ್ತಿದ್ದವು. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಯಾರಾದರೂ ನಡೆದು ಹೋದರೆ, ಸಣ್ಣದೊಂದು ಲಾರಿ ಹೋದ ಹಾಗೆ ಗುರುತು ಬೀಳುತ್ತಿತ್ತು. ನಾನು ಹೊಸ ಮದುಮಗಳು. ಬಾಗಿಲಲ್ಲಿ ನಿಂತು ಆ ಗುರುತು ನೋಡಿ ಇದು ನಮ್ಮ ಚಪ್ಪಲಿ, ಇದು ನಮ್ಮದಲ್ಲ ಎಂದು ಎಣಿಸುತ್ತಿದ್ದೆ. ಹೆಚ್ಚಿನವು ನಮ್ಮವೇ ಆಗಿರುತ್ತಿದ್ದವು. ಆಗಿನ ಆ ಗತ್ತು ಈಗ ನೆನೆದರೆ ನಗೆ ಬರುತ್ತದೆ. ಆದರೂ ನೆನೆಯುತ್ತೇನೆ.

ಆಗ ಆಲಮಟ್ಟಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಎಲ್ಲೆಲ್ಲಿಂದಲೋ ಬಂದ ಹೆಂಗಸರು ಕಬ್ಬಿಣದ ಪುಟ್ಟಿಯಲ್ಲಿ ಕಾಂಕ್ರೀಟು ಹೊರುತ್ತಿದ್ದರು. ಬೇಸಿಗೆಯಲ್ಲಿ ಕಬ್ಬಿಣ ಕಾದರೆ ತಲೆಯ ಸಿಂಬೆಯನ್ನೂ ದಾಟಿ ನೆತ್ತಿ ಸುಡುತ್ತಿತ್ತು. ಅಂಚು ಕೈ ಕೊಯ್ಯುತ್ತಿತ್ತು. ಅವರಲ್ಲಿ ಒಬ್ಬಳು ಚಪ್ಪಲಿಗೆ ಬಂದವಳು ನಮ್ಮವರನ್ನು ಕೇಳಿಯೇ ಬಿಟ್ಟಳು. "ಅಣ್ಣಾ, ಕಾಲಿಗೆ ಇಷ್ಟು ಮೆತ್ತಂದು ಮಾಡ್ತಿ. ತಲಿಗೆ ಯಾಕ ಮಾಡೂದಿಲ್ಲ?"

ಅಂದಿನಿಂದ ಶುರು.

ಮೊದಲ ಪುಟ್ಟಿ ಪುಟ್ಟಿಯಾಗಲಿಲ್ಲ. ತುಂಡು ತುಂಡು ಜೋಡಿಸಿದ್ದರು, ಸಂದಿನಿಂದ ಕಾಂಕ್ರೀಟಿನ ನೀರು ಇಳಿದು ಆ ಹೆಂಗಸಿನ ಮುಖವೆಲ್ಲ ಬೂದಿ ಬಣ್ಣವಾಯಿತು. ಎರಡನೆಯದು ಇನ್ನೂ ಸೊಟ್ಟ. ಮೂರನೆಯದನ್ನು ನೋಡಿ ನಾನು, ತುಂಡು ಮಾಡಬ್ಯಾಡ್ರಿ, ದುಂಡಗ ಒಂದ ಹಾಳಿ ಕೊಯ್ರಿ, ಸುತ್ತಲೂ ನಿರಿಗಿ ಹಿಡಿದು ಮೊಳಿ ಹೊಡೀರಿ ಎಂದೆ. ಸೀರೆಗೆ ನಿರಿಗೆ ಹಿಡಿದ ಕೈಗೆ ರಬ್ಬರಿನ ನಿರಿಗೆ ಏನು ಮಹಾ? ಒಂದು ಹನಿ ಸೋರಲಿಲ್ಲ. ಇವತ್ತಿಗೂ ಆ ಪುಟ್ಟಿ ಹಾಗೆಯೇ ಮಡಿಸುತ್ತಾರೆ. ಎಲ್ಲಿ ನೋಡಿದರೂ ಹಾಗೆಯೇ. ಬೇರೆ ಕಡೆ ಬೇರೆ ಯಾರೋ ಕಂಡುಹಿಡಿದಿರಬಹುದು. ಬಾಗೇವಾಡಿಯಲ್ಲಿ ಕಂಡುಹಿಡಿದವಳು ನಾನು.

ಚಾಕುವನ್ನು ನೀರಲ್ಲಿ ಅದ್ದಿ ಅದ್ದಿ ಕೊಯ್ಯಬೇಕು. ಒಣ ಚಾಕು ರಬ್ಬರಿನಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ ಒಂದು ಬೋಗುಣಿ ನೀರು ಅವರ ಪಕ್ಕಕ್ಕೆ, ಇನ್ನೊಂದು ಬೋಗುಣಿ ನೀರು ನನ್ನ ರೊಟ್ಟಿ ಹಿಟ್ಟಿಗೆ. ಎಷ್ಟೋ ಸಲ ಯಾವುದು ಯಾವುದು ಎಂದು ಅದಲುಬದಲಾಗಿದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಕೈ ವಾಸನೆ ಹೋಗುತ್ತಿರಲಿಲ್ಲ. ನಮ್ಮವರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, "ಇದರ ಮ್ಯಾಲ ಯಾವ ಲಾರಿ ಹೋಗಿತ್ತು?" ಎನ್ನುತ್ತಿದ್ದರು. "ನೀವು ಬೆಳಿಗ್ಗೆ ಕೊಯ್ದದ್ದ," ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಅಷ್ಟೇ ಸಂಸಾರ.

ಪುಟ್ಟಿಗಳನ್ನು ಒಂದರೊಳಗೊಂದು ಸೇರಿಸಿ, ಹಗ್ಗ ಬಿಗಿದು, ಬಸ್ಸಿನ ಮೇಲೆ ಹಾಕಿ ಆಲಮಟ್ಟಿಗೆ ಒಯ್ಯುತ್ತಿದ್ದವಳು ನಾನೇ. ಕಂಡಕ್ಟರು ಪ್ರತಿ ಸಲವೂ ಬೈಯುತ್ತಿದ್ದ, ಪ್ರತಿ ಸಲವೂ ಹತ್ತಿಸಿಕೊಳ್ಳುತ್ತಿದ್ದ. ಅಲ್ಲಿ ಹೆಂಗಸರು ಪುಟ್ಟಿಯನ್ನು ನೆಲಕ್ಕಿಟ್ಟು ಅದರೊಳಗೆ ನಿಂತು ಕುಣಿದು ನೋಡುತ್ತಿದ್ದರು. ಗಟ್ಟಿ ಎನಿಸಿದರೆ ಹಿಡಿಕೆಗೆ ತಮ್ಮ ಹಳೆಯ ಸೀರೆಯ ಚೂರು ಕಟ್ಟಿ ಇದು ನನ್ನದು ಎಂದು ಗುರುತು ಮಾಡಿಕೊಳ್ಳುತ್ತಿದ್ದರು. ಕೆಂಪು ಚೂರಿನವಳು, ಹಳದಿ ಚೂರಿನವಳು. ಅವರ ಹೆಸರು ನನಗೆ ಗೊತ್ತಿರಲಿಲ್ಲ, ಬಣ್ಣ ಗೊತ್ತಿತ್ತು. ಈಗ ಆಲಮಟ್ಟಿಗೆ ಹೋದವರು ಗಾರ್ಡನ್ನು, ಲೈಟು ನೋಡಿ ಬರುತ್ತಾರೆ. ನಾನು ಹೋದರೆ ಗೋಡೆ ನೋಡುತ್ತೇನೆ. ಅದರಲ್ಲಿ ಎಷ್ಟು ಪುಟ್ಟಿ ಕಾಂಕ್ರೀಟು ನಮ್ಮ ನಿರಿಗೆಯೊಳಗಿಂದ ಬಿದ್ದಿದೆಯೋ.

ಅಣೆಕಟ್ಟು ಮುಗಿಯಿತು. ಹೆಂಗಸರು ಹೋದರು. ನಾವು ಸಿಂದಗಿಗೆ ಬಂದೆವು, ಯಾಕೆಂದರೆ ಇಲ್ಲಿಂದ ಇಂಡಿ ಹತ್ತಿರ. ಇಂಡಿ ಎಂದರೆ ನಿಂಬೆಹಣ್ಣು. ತೋಟದಲ್ಲಿ ಹಣ್ಣು ಆರಿಸಿ ತುಂಬಲು ನಮ್ಮ ಪುಟ್ಟಿ ಬೇಕಾಗುತ್ತಿತ್ತು. ಹಣ್ಣಿಗೆ ತರಚು ಬೀಳುತ್ತಿರಲಿಲ್ಲ. ಟೈರಿನ ವಾಸನೆಯ ಮೇಲೆ ನಿಂಬೆಯ ವಾಸನೆ ಕೂತರೆ ಹೇಗಿರುತ್ತದೆ ಎಂದು ನಿಮಗೆ ಹೇಳಿ ತಿಳಿಸಲು ಆಗುವುದಿಲ್ಲ. ಆ ಪುಟ್ಟಿಗಳು ರಿಪೇರಿಗೆ ಬಂದಾಗ ನಮ್ಮವರು ಮೊದಲು ಒಳಗೆ ತಲೆ ಹಾಕಿ ಮೂಸುತ್ತಿದ್ದರು. ಆಮೇಲೆ ಮೊಳೆ ಕೀಳುತ್ತಿದ್ದರು.

ಪ್ಲಾಸ್ಟಿಕ್ಕು ಅದಕ್ಕೂ ಮೊದಲೇ ಮನೆಯೊಳಗೆ ಕಾಲಿಟ್ಟಿತ್ತು. ತಾಳಿಕೋಟೆ ಕಡೆಯಿಂದ ಒಬ್ಬಳು ತಲೆಯ ಮೇಲೆ ಬಣ್ಣ ಬಣ್ಣದ ಟಬ್ಬು, ಕೊಡ ಹೊತ್ತು ಬರುತ್ತಿದ್ದಳು. ಹಳೆಯ ಬಟ್ಟೆ ಕೊಟ್ಟರೆ ಹೊಸ ಕೊಡ. ನಾನು ನನ್ನ ಎರಡು ಸೀರೆ, ನಮ್ಮವರ ಒಂದು ಧೋತರ ಕೊಟ್ಟು ಕಿತ್ತಳೆ ಬಣ್ಣದ ಕೊಡ ತೆಗೆದುಕೊಂಡೆ. (ಧೋತರ ಅಷ್ಟೇನೂ ಹಳೆಯದಾಗಿರಲಿಲ್ಲ. ಈಗ ಹೇಳಿದರೆ ಕೇಳುವವರು ಯಾರೂ ಇಲ್ಲ.) ತಾಮ್ರದ ಕೊಡದ ಮುಂದೆ ಅದು ಹೂವಿನ ಹಾಗೆ ಹಗುರ. ನಳದಿಂದ ಮನೆಗೆ ಬರುವಷ್ಟರಲ್ಲಿ ಹಾರಿಹೋದೀತೇನೋ ಅನ್ನಿಸುತ್ತಿತ್ತು. ನಮ್ಮ ಮಾವ ಮಾತ್ರ ಸಾಯುವ ತನಕ ಅದರ ನೀರು ಕುಡಿಯಲಿಲ್ಲ. "ಅದರಾಗಿನ ನೀರು ಮಾತಾಡೂದಿಲ್ಲ," ಎನ್ನುತ್ತಿದ್ದರು. ಏನೆಂದು ಆಗ ತಿಳಿಯಲಿಲ್ಲ. ತಾಮ್ರದ ಕೊಡ ತುಂಬುವಾಗ ಸದ್ದು ಬದಲಾಗುತ್ತ ಹೋಗುತ್ತದೆ, ಪ್ಲಾಸ್ಟಿಕ್ಕಿನದು ಬದಲಾಗುವುದಿಲ್ಲ. ಈಗ ನನ್ನ ಕಿವಿಯೂ ಅದನ್ನೇ ಹುಡುಕುತ್ತದೆ.

ಆ ಕೊಡ ಸೀಳಿದಾಗ ನಾವು ಎಸೆಯಲಿಲ್ಲ. ಒಡೆದ ಪ್ಲಾಸ್ಟಿಕ್ ಮಗ್ಗಿನ ಚೂರು ಇಟ್ಟು, ಒಲೆಯಲ್ಲಿ ಕಾಯಿಸಿದ ಚಮಚದಿಂದ ಕರಗಿಸಿ ತೇಪೆ ಹಾಕಿದೆವು. ಕಿತ್ತಳೆ ಕೊಡಕ್ಕೆ ಹಸಿರು ತೇಪೆ. ಇನ್ನೂ ಆರು ವರ್ಷ ಬಂತು.

ಆಮೇಲೆ ಕಾರ್ಖಾನೆಯ ಪ್ಲಾಸ್ಟಿಕ್ ಪುಟ್ಟಿ ಬಂತು, ಇಂಡಿಗೆ ಕ್ರೇಟು ಬಂತು. ನಿಂಬೆಹಣ್ಣು ನಮ್ಮನ್ನು ಬಿಟ್ಟಿತು. ಸಿಟ್ಟೇನೂ ಇಲ್ಲ. ತುಂಬಿದ ಕ್ರೇಟು ಒಂದರ ಮೇಲೊಂದು ಕೂರುತ್ತದೆ, ತುಂಬಿದ ಪುಟ್ಟಿ ಕೂರುವುದಿಲ್ಲ. ಆದರೆ ಒಂದು ಮಾತನ್ನು ನಾನು ಆ ಹುಡುಗಿಗೆ ಕೇಳಿದೆ.

"ಪ್ಲಾಸ್ಟಿಕ್ ಪುಟ್ಟಿ ಒಂದು ಬೇಸಗಿಗೆ ಒಡೀತೈತಿ. ಮತ್ತೊಂದು ತಗೋತಾರ. ಅದೂ ಒಡೀತೈತಿ. ನಮ್ಮದು ಹತ್ತು ವರ್ಷ ಬರ್ತೈತಿ. ನಿಮ್ಮ ಲೆಕ್ಕದಾಗ ಯಾವುದು ದೊಡ್ಡದು?"

ಹುಡುಗಿ ಜಾಣೆ. "ಪ್ರತಿ ವರ್ಷ ಹೊಸದು ತಯಾರಾಗುತ್ತಲ್ಲ ಅಜ್ಜಿ, ಅದೇ ದೊಡ್ಡದು," ಎಂದಳು.

"ಅಂದ್ರ ಬಾಳಿಕಿ ಬರೂದು ಮಾಡಿದ್ದು ನಮ್ಮ ತಪ್ಪು?"

"ತಪ್ಪಲ್ಲ ಅಜ್ಜಿ. ಅದಕ್ಕೆ ಇದರಲ್ಲಿ ಕಾಲಂ ಇಲ್ಲ."

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ನನಗೆ ಅವಳು ಹಿಡಿಸಿದಳು. ನಾನು ಹೇಳಿದ ಇಷ್ಟು ಕಥೆ ಅವಳ ಟ್ಯಾಬಿನಲ್ಲಿ ಏನಾಯಿತು? ಎರಡು ಅಂಕಿಯ ಒಂದು ಸಂಖ್ಯೆ. ಇಷ್ಟು ವರ್ಷ ಎಂದು. ಅಷ್ಟೇ.

"ಈ ಪುಟಕ್ಕೆ ಸಹಿ ಹಾಕಿ," ಎಂದು ಟ್ಯಾಬನ್ನು ಕಸ್ತೂರಿಯ ಕಡೆ ತಿರುಗಿಸಿದಳು. ಕಸ್ತೂರಿ ಬೆರಳು ಚಾಚಿದಳು.

"ತಡಿ," ಎಂದೆ ನಾನು. "ನಾ ಓದೂ ತನಾ ತಡಿ."

ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ. ತಡವಾಗಿ ಕಲಿತವರು ಓದಿಕೊಂಡು ಓಡುವುದಿಲ್ಲ. ಒಂದೊಂದು ಅಕ್ಷರವನ್ನೂ ಅನುಮಾನದಿಂದ ನೋಡುತ್ತಾರೆ. ಟ್ಯಾಬನ್ನು ಮೂಗಿನ ಹತ್ತಿರ ಹಿಡಿದೆ. ಬೆರಳಿಟ್ಟೆ. (ಬೆರಳಿಟ್ಟರೆ ಬೇರೆ ಪುಟ ಬರುತ್ತದಂತೆ. ಹುಡುಗಿ ಹಿಂದಕ್ಕೆ ತಂದುಕೊಟ್ಟಳು.)

ಉತ್ಪನ್ನ: ಇಲ್ಲ. ಘಟಕದ ಬಗೆ: ಗು. ಜ. ರಿ.

ಗುಜರಿ!

"ಏ ತಂಗಿ, ನಮ್ಮನ್ನ ಗುಜರಿಯವರು ಅಂತ ಯಾಕ ಬರದಿ?"

"ನೀವೇ ಹೇಳಿದ್ರಲ್ಲ ಅಜ್ಜಿ, ಉತ್ಪನ್ನ ಏನೂ ಇಲ್ಲ ಅಂತ. ಹಳೇ ಟೈರು ಇಟ್ಕೊಂಡು ಏನೂ ಮಾಡದೇ ಇರೋರು ಅಂದ್ರೆ ಗುಜರಿ ಅಂತಾನೇ ಬರುತ್ತೆ."

"ಏನೂ ಮಾಡದ ಇರೂದು?" ಕಸ್ತೂರಿ ಎದ್ದು ನಿಂತಳು. "ಮುಂಜಾನಿಂದ ನಾ ಇಲ್ಲೇನು ಕುಂಟಾಬಿಲ್ಲಿ ಆಡಾಕತ್ತೇನೇನ್ರಿ?"

"ಮತ್ತೆ ಉತ್ಪನ್ನ ಇಲ್ಲ ಅಂದ್ರಿ?"

"ತಂಗಿ," ಎಂದೆ ನಾನು, "ನಿಮ್ಮ ಕಡಿ ಉತ್ಪನ್ನ ಅಂದ್ರ ಏನು?"

"ನೀವು ಮಾಡೋ ವಸ್ತು. ತಯಾರಾಗೋ ಸಾಮಾನು."

ಮೈಬೂಬ ನಗಲು ಶುರು ಮಾಡಿದ. ಅವನು ನಕ್ಕರೆ ಮೆಟ್ಟಿದ ಟೈರೂ ಕುಣಿಯುತ್ತದೆ. "ಮೇಡಂ, ಇವರು ಗಳಿಕಿ ಕೇಳಾಕತ್ತೀರಿ ಅಂತ ತಿಳಕೊಂಡಾರ್ರಿ! ಕಾರ್ಡ್ ಹೋಗ್ತೈತಿ ಅಂತ ಅತ್ತಿ ಸೊಸಿ ಇಬ್ಬರೂ ಕೂಡಿ ಸುಳ್ಳು ಹೇಳ್ಯಾರ!"

ಹುಡುಗಿ ಹಣೆ ಚಚ್ಚಿಕೊಂಡಳು. ಬೆಳಗಿನಿಂದ ಇದೇ ಪ್ರಶ್ನೆಗೆ ಊರಲ್ಲಿ ಎಲ್ಲರೂ ಏನೂ ಇಲ್ಲ ಎಂದೇ ಹೇಳಿದ್ದರಂತೆ. ಪೈಪು ಮಾಡುವ ಶೆಡ್ಡಿನವನೂ ಪೈಪಿನ ಮೇಲೆಯೇ ಕೂತು ಉತ್ಪನ್ನ ಇಲ್ಲ ಎಂದನಂತೆ. ಇಡೀ ತಾಲೂಕು ಏನೂ ತಯಾರಿಸುವುದಿಲ್ಲ ಎಂದು ಅವಳು ತಿಳಿದಿದ್ದಳು!

"ಸರಿ, ತಿದ್ತೀನಿ," ಎಂದಳು. ಆಮೇಲೆ ಅನುಮಾನದಿಂದ ನಿಂತಳು. "ಆದರೆ ಹಳೇ ಟೈರಿಂದ ಮಾಡೋದನ್ನ ತಯಾರಿಕೆ ಅನ್ನಬಹುದಾ ಅಂತ..."

"ಕಬ್ಬಿನಿಂದ ಸಕ್ರಿ ಮಾಡಿದ್ರ ಅದಕ್ಕ ಕಬ್ಬಿನ ಗುಜರಿ ಅಂತೀರೇನ್ರಿ?" ಎಂದಳು ಕಸ್ತೂರಿ.

ಹುಡುಗಿ ನಕ್ಕಳು. ಉತ್ಪನ್ನ: ರಬ್ಬರ್ ಬುಟ್ಟಿ. ಬಗೆ: ತಯಾರಿಕೆ. ನಾನು ಒಂದೊಂದೇ ಅಕ್ಷರ ಓದಿ ತಲೆಯಾಡಿಸಿದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

"ಕೊನೇ ಪ್ರಶ್ನೆ," ಎಂದಳು. "ಕೆಲಸಗಾರರು ಎಷ್ಟು ಜನ?"

"ಒಬ್ಬಾಂವ್ರಿ," ಎಂದಳು ಕಸ್ತೂರಿ. "ಮೈಬೂಬಣ್ಣ."

ಈ ಸಲ ಶಬ್ದದ ಗೊಂದಲ ಏನೂ ಇರಲಿಲ್ಲ. ಕೇಳಿದ್ದು ತಿಳಿದಿತ್ತು, ಹೇಳಿದ್ದೂ ತಿಳಿದೇ ಹೇಳಿದ್ದಳು.

ಹುಡುಗಿಯ ಮುಖ ಸಣ್ಣದಾಯಿತು. "ಒಬ್ಬರೇ ಅಂದ್ರೆ ಪಟ್ಟಿಗೆ ಬರಲ್ಲ ಅಮ್ಮ. ಶೆಡ್ಡಿನೊಳಗೆ ಕೆಲಸ ಮಾಡೋರು ಮೂರು ಜನ ಆದ್ರೂ ಇರಬೇಕು. ಇಲ್ಲಾಂದ್ರೆ ಲೈನ್ ಸಿಗಲ್ಲ."

"ಮೇಡಂ," ಎಂದ ಮೈಬೂಬ, "ಈ ರಾಶಿ ಎಲ್ಲಾ ನಾ ಒಬ್ಬನ ಮಾಡೇನಂದ್ರ ನನ್ನ ಕುದರಿ ಮ್ಯಾಲ ಕುಂದರಿಸಿ ಮೆರವಣಿಗಿ ಮಾಡ್ರಿ."

"ನೀವು ಕೆಲಸ ಮಾಡಲ್ವಾ ಅಮ್ಮ?" ಎಂದು ಹುಡುಗಿ ಕಸ್ತೂರಿಯನ್ನು ಕೇಳಿದಳು.

"ಮಾಡ್ತೇನ್ರಿ. ಆದ್ರ ನಾ ಮನ್ಯಾಕಿರಿ. ಮನ್ಯಾಕಿ ಕೆಲಸದಾಕಿ ಹ್ಯಾಂಗ ಆಗ್ತಾಳ? ಹಂಗ ಬರಸ್ಕೊಂಡ್ರ ನಾಳಿ ಬೀಗರು ಏನಂದಾರು?"

ಆ ಮಾತು ಕೇಳಿದಾಗ ನನಗೆ ಬಾಗೇವಾಡಿಯ ನಮ್ಮ ಅಂಗಳ ಕಣ್ಣ ಮುಂದೆ ಬಂತು. ಜನಗಣತಿಗೆ ಸಾಲಿ ಮಾಸ್ತರರು ಬಂದಿದ್ದರು. ದಪ್ಪ ಹಾಳೆ, ಕಿವಿಯ ಮೇಲೆ ಪೆನ್ಸಿಲು. ನಾನು ಅಂಗಳದಲ್ಲಿ ಪಕ್ಕಡ ಹಿಡಿದು ಪದರ ಜಗ್ಗುತ್ತಿದ್ದೆ. ನಮ್ಮವರು ಕಾಲಿನಿಂದ ಮೆಟ್ಟಿದ್ದರು. ಮಾಸ್ತರರು ನನ್ನ ಕಡೆ ನೋಡಿ ಕೇಳಿದರು, "ಇವರು ಏನು ಕೆಲಸ ಮಾಡ್ತಾರ್ರಿ?" ನಮ್ಮವರು ಕಾಲು ತೆಗೆಯದೆ ಹೇಳಿದರು, "ಏನಿಲ್ರಿ. ಮನ್ಯಾಗ ಇರ್ತಾಳ."

ಮಾಸ್ತರರು ಬರೆದುಕೊಂಡು ಹೋದರು. ಅವರಿಗೂ ತಪ್ಪು ಅನ್ನಿಸಲಿಲ್ಲ, ನಮ್ಮವರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಪದರ ಜಾರಿದರೆ ಪಕ್ಕಡ ಮೂಗಿಗೆ ಹೊಡೆಯುತ್ತದೆ, ನನ್ನ ಗಮನ ಅಲ್ಲಿತ್ತು. ಒಳ್ಳೆಯ ಮನುಷ್ಯ ಅವರು. ಕೈ ಎತ್ತಿದವರಲ್ಲ, ಕುಡಿದವರಲ್ಲ. ನಿರಿಗೆ ಹಿಡಿಯುವುದು ಹೆಂಡತಿ ಹೇಳಿಕೊಟ್ಟದ್ದು ಎಂದು ಗಿರಾಕಿಗಳ ಎದುರು ಹೇಳುತ್ತಿದ್ದರು. ಆದರೆ ಹಾಳೆಯ ಮೇಲೆ ಬರೆಸುವಾಗ ಅದು ನೆನಪಿಗೆ ಬರಲಿಲ್ಲ, ಅಷ್ಟೇ.

"ಬರಿಯವ್ವಾ," ಎಂದೆ ಹುಡುಗಿಗೆ. "ಕಸ್ತೂರಿ ಒಂದು. ನಾ ಒಂದು. ಮೈಬೂಬ ಮೂರು."

"ಅತ್ತೀ, ನೀವು ಬ್ಯಾಡ್ರಿ," ಎಂದಳು ಕಸ್ತೂರಿ. "ಮುದುಕೀನ್ನ ದುಡಸ್ತಾಳ ಅಂತ ಮಂದಿ ನನ್ನ ಬಾಯಾಗ ಹಾಕ್ಕೋತಾರ."

"ದುಡಸ್ತಿ ಅಲ್ಲೇನು ಮತ್ತ?"

"ಸುಮ್ಮ ಕೂಡ್ರಿ ಅಂದ್ರ ಕೂಡ್ತೀರೇನ್ರಿ ನೀವು? ಸುತ್ತಿಗಿ ಕಸಗೊಂಡ್ರ ಕಲ್ಲು ತಗೊಂಡು ಹೊಡೀತೀರಿ!"

"ಹಂಗಾರ ಬರಿ ಅನ್ನು. ಕಲ್ಲು ತಗೊಂಡು ಮೊಳಿ ಹೊಡ್ಯಾಕಿ ಅಂತ ಬರಿ ಅನ್ನು."

ಹುಡುಗಿ ತಲೆ ಅಲ್ಲಾಡಿಸಿದಳು. "ಅಜ್ಜಿ, ನಿಮ್ಮದು ಬರ್ಕೊಂಡೆ. ಆದರೆ ಅಮ್ಮಂದು ಅಮ್ಮನೇ ಹೇಳಬೇಕು. ಬೇರೆಯವರು ಹೇಳಿದ್ರೆ ನಾನು ಬರ್ಕೊಳ್ಳೋ ಹಾಗಿಲ್ಲ."

ಕಸ್ತೂರಿಯ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಬಲಗೈ ಎತ್ತಿದಳು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಮುಂದೆ ಹೋಗಲಿಲ್ಲ. ಅದನ್ನು ಕೆಳಗಿಳಿಸಿ ಎಡಗೈಯಿಂದ ಒರೆಸಿಕೊಂಡಳು. ನಾವು ಮೂವರೂ ನೋಡಿದೆವು.

"ಬರಕೋರಿ," ಎಂದಳು. "ಕಸ್ತೂರಿ. ಪದರ ಎಳೀತೇನಿ. ಹದಿನೆಂಟು ವರ್ಷ ಆತು."

"ದಿನಕ್ಕೆ ಎಷ್ಟು ಗಂಟೆ?"

"ಕೈ ನೋಯೂ ತನಾ."

"ಹಾಗೆ ಬರೆಯೋಕೆ ಆಗಲ್ಲ ಅಮ್ಮ."

"ಹಂಗಾರ ಎಂಟು ತಾಸು ಬರ್ರಿ. ಆಮ್ಯಾಲಿಂದು ನನಗ ಲೆಕ್ಕ ಇಲ್ಲ."

ಹುಡುಗಿ ಬರೆದುಕೊಂಡಳು. ಕಸ್ತೂರಿ ಸಹಿ ಹಾಕಿದಳು, ಎಡಗೈಯಿಂದ, ಸೊಟ್ಟಗೆ. ನಾನೂ ನನ್ನ ಹೆಸರಿನ ಮುಂದೆ ಬೆರಳಿನಿಂದ ಗೀಚಿದೆ. ನನ್ನ ವಯಸ್ಸು ಕೇಳಿ ಹುಡುಗಿ ಎರಡು ಸಲ ನೋಡಿದಳು. ನೋಡಲಿ.

ಶುಕ್ರವಾರ ಲೈನ್‌ಮನ್‌ಗಳು ಬಂದು ಕಂಬದಿಂದ ಶೆಡ್ಡಿಗೆ ಎಷ್ಟು ದೂರ ಎಂದು ಟೇಪು ಹಿಡಿದು ಅಳೆದು ಹೋದರು. ಎರಡು ತಿಂಗಳಲ್ಲಿ ಲೈನು ಬರುತ್ತದಂತೆ. ಬಂದ ದಿನ ನಂಬುತ್ತೇನೆ. ಅಲ್ಲಿಯವರೆಗೆ ಮೈಬೂಬ ಜಗ್ಗುತ್ತಾನೆ, ಕಸ್ತೂರಿ ಮೆಟ್ಟುತ್ತಾಳೆ. ಅದಲುಬದಲು ಮಾಡಿದವಳು ನಾನು. ಇಷ್ಟು ವರ್ಷ ಅದು ಯಾರಿಗೂ ಯಾಕೆ ಹೊಳೆಯಲಿಲ್ಲ ಎಂದು ಕೇಳಬೇಡಿ. ಗಂಡಸು ಮೆಟ್ಟುವುದು, ಹೆಂಗಸು ಜಗ್ಗುವುದು ಎಂದು ಬಾಗೇವಾಡಿಯಲ್ಲಿ ಶುರು ಮಾಡಿದ್ದನ್ನು ಹಾಗೇ ನಡೆಸಿಕೊಂಡು ಬಂದಿದ್ದೆವು.

ರಾಜ್ಯದಲ್ಲಿ ರಬ್ಬರು ಇಷ್ಟು, ಪ್ಲಾಸ್ಟಿಕ್ಕು ಇಷ್ಟು ತಯಾರಾಯಿತು ಎಂದು ಮುಂದೆ ಎಂದಾದರೂ ಪೇಪರಿನಲ್ಲಿ ದೊಡ್ಡ ಸಂಖ್ಯೆ ಬಂದರೆ ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದುತ್ತೇನೆ. ಕೆಂಪು ಚೂರಿನವಳು, ಹಳದಿ ಚೂರಿನವಳು ಅದರಲ್ಲಿ ಎಲ್ಲೂ ಇರುವುದಿಲ್ಲ ಎಂದು ಗೊತ್ತಿದ್ದೇ ಓದುತ್ತೇನೆ.

ಅದಿರಲಿ. ಆ ಹುಡುಗಿ ನಾಳೆ ನಿಮ್ಮ ಅಂಗಡಿಗೆ, ನಿಮ್ಮ ಹೊಲಕ್ಕೆ, ನಿಮ್ಮ ಮನೆ ಬಾಗಿಲಿಗೆ ಬಂದು ಇಲ್ಲಿ ಕೆಲಸ ಮಾಡುವವರು ಎಷ್ಟು ಮಂದಿ ಎಂದು ಕೇಳಿದರೆ, ನೀವು ಯಾರಿಂದ ಎಣಿಸಲು ಶುರು ಮಾಡುತ್ತೀರಿ?